ಮುಧೋಳ ನಾಯಿಗೆ ಓಟ ಬೇಕು, ಮೊಲ ಬೇಡ: ಬೇಟೆಯಿಲ್ಲದೆ ಬೇಟೆನಾಯಿ ಪಳಗಿಸುವುದು ಹೇಗೆ?

"ಮುಧೋಳ ನಾಯಿ ತಂದಿದ್ದೇವೆ. ಮೊಲದ ಹಿಂದೆ ಬಿಡಬಹುದಾ?" ಜಮಖಂಡಿ, ಬೀಳಗಿ, ಗೋಕಾಕ, ಬಸವನ ಬಾಗೇವಾಡಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಸುತ್ತಿಬಳಸಿ ಕೇಳುತ್ತಾರೆ. "ಹಿಡಿಯೋದು ಬೇಡ, ಸುಮ್ನೆ ಓಡಿಸಿದರೆ ತಪ್ಪೇನು?" "ಹಬ್ಬಕ್ಕೆ ಒಂದೇ ದಿನ ಬಿಟ್ಟರೆ?" "ಬೇಟೆಗೆ ಬಿಡದಿದ್ದರೆ ಜಾತಿಗುಣ ಹೋಗುತ್ತಂತೆ, ನಿಜವಾ?"

ಮೊಲದ ಹಿಂದೆ ಬಿಡಬಾರದು. ಸುಮ್ನೆ ಓಡಿಸುವುದೂ ಬೇಟೆಯೇ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ನಾಯಿಗೆ ಅನ್ಯಾಯ ಆಗುತ್ತದೆ. ಯಾಕೆಂದರೆ ಈ ತಳಿಗೆ ಓಟ ಬೇಕೇ ಬೇಕು. ದಿನವಿಡೀ ಗೂಟಕ್ಕೆ ಕಟ್ಟಿದ ಮುಧೋಳ ನಾಯಿ ಕಾಲು ಸೋತು, ಮನಸ್ಸು ಕೆಟ್ಟು, ಕೊನೆಗೆ ಹಗ್ಗ ಹರಿದುಕೊಂಡು ಊರ ಕುರಿಗೆ ಬಾಯಿ ಹಾಕುತ್ತದೆ. ಜೀವ ತೆಗೆಯದೆ ಆ ಓಟ ಕೊಡುವುದು ಹೇಗೆ, ಮನೆಯ ಹುಡುಗರಿಗೆ ಅದನ್ನು ಕಲಿಸುವುದು ಹೇಗೆ ಅಂತ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ನಮ್ಮ ಕಡೆ ಬೇಟೆ ಅಂದರೆ ಸಣ್ಣ ಮಾತಲ್ಲ, ಗೊತ್ತು. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರಿಗೆ ಎದುರು ನಿಂತ ಹಲಗಲಿಯ ಬೇಡರು ಇದೇ ಮುಧೋಳ ಸೀಮೆಯವರು. ಅವರಿಗೆ ಆಯುಧ ಅಂದರೆ ಅನ್ನ, ಮಾನ ಎರಡೂ. ಈ ನಾಯಿಯ ತಳಿ ಬೆಳೆಸಿ ಹೆಸರು ತಂದವರು ಮುಧೋಳದ ಘೋರ್ಪಡೆ ಅರಸರು. ಹಾಗಾಗಿ ಬೇಟೆಗಾರರನ್ನು ಹೀಗಳೆಯಲು ನಾನು ಕೂತಿಲ್ಲ. ಆದರೆ ಅಂದಿನ ಹುಲ್ಲುಗಾವಲು ಇಂದಿಲ್ಲ. ಗುಡ್ಡದ ಬುಡದವರೆಗೂ ಕಬ್ಬು ಬಂದಿದೆ. ಉಳಿದ ಪ್ರಾಣಿಗಳಿಗೆ ಓಡಲು ಜಾಗವೇ ಇಲ್ಲದಾಗ ನಾಯಿ ಬಿಡುವುದನ್ನು ಹಳೇ ಬೇಟೆಗಾರರೂ ಒಪ್ಪುತ್ತಿರಲಿಲ್ಲ. "ಕೂತ ಮೊಲಕ್ಕ ನಾಯಿ ಬಿಡಬಾರದು, ಬಸುರಿಗೆ ಕೈ ಎತ್ತಬಾರದು" ಎಂದು ನಮ್ಮಜ್ಜ ಹೇಳುತ್ತಿದ್ದ.

ಮೊದಲು ಬೇಕಾಗುವ ಸಾಮಾನು

ಅಗಲವಾದ ಕೊರಳಪಟ್ಟಿ, ಮೂರು ಬೆರಳು ಅಗಲದ್ದು. ಮುಧೋಳ ನಾಯಿಯ ತಲೆ ಸಣ್ಣ, ಕುತ್ತಿಗೆ ದಪ್ಪ. ಮಾಮೂಲಿ ಪಟ್ಟಿ ಹಿಂದಕ್ಕೆ ಎಳೆದರೆ ಕಿವಿ ದಾಟಿ ಕಳಚಿಬಿಡುತ್ತದೆ. 10 ಮೀಟರ್ ಉದ್ದದ ಹಗ್ಗ. ಒಂದು ಸೀಟಿ. ಸುಮಾರು 150 ಮೀಟರ್ ಹೆಣೆದ ನೈಲಾನ್ ಹುರಿ, 3 ಮಿಲಿಮೀಟರ್ ದಪ್ಪದ್ದು. ಸ್ಟ್ಯಾಂಡ್ ಇರುವ ಹಳೆಯ ಸೈಕಲ್. ಬೇಡವಾದ ಕಂಬಳಿಯ ತುಂಡು. ಒಂದು ಜೊತೆ ದಪ್ಪ ಕೈಗವಸು. ಎರಡು ಕೊಡ ನೀರು.

ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ, ಡಿಸ್ಟೆಂಪರ್ ಲಸಿಕೆ ಆಗಿರಬೇಕು. ಡಿಸ್ಟೆಂಪರ್ ಅಂದರೆ ಜ್ವರ, ಮೂಗು-ಕಣ್ಣಿನ ಸೋರಿಕೆ, ನಡುಕ ತರುವ ಅಂಟುರೋಗ. ನಿಮ್ಮ ನಾಯಿಯಿಂದ ಅದು ನರಿಗೆ, ತೋಳಕ್ಕೆ ಹರಡಬಹುದು. ಒಂದು ಮೊಲ ಉಳಿಸಿ ಒಂದು ತೋಳದ ಗುಂಪನ್ನೇ ಕಳೆದರೆ ಏನು ಬಂತು?

ಹಂತ 1: ಕಾನೂನು ಮನೆಯವರೆಲ್ಲರಿಗೂ ಗೊತ್ತಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಅಟ್ಟಿಸಿಕೊಂಡು ಹೋಗುವುದು, ಉರುಲು ಹಾಕುವುದು, ಬಲೆ ಬೀಸುವುದು, ಸೋವುವುದು, ಇವಕ್ಕೆ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. ಸೋವುವುದು ಅಂದರೆ ಗದ್ದಲ ಮಾಡಿ ಪ್ರಾಣಿಯನ್ನು ಒಂದು ಕಡೆಗೆ ಓಡಿಸುವುದು. "ನಾಯಿ ಓಡಿಸಿತು, ಹಿಡಿಯಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನಮ್ಮ ಹೊಲದ ಮೊಲವೂ ಕಾನೂನಿನ ರಕ್ಷಣೆಯಲ್ಲಿದೆ. 2022ರ ತಿದ್ದುಪಡಿಯ ನಂತರ ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಿಗರಿ (ಕೃಷ್ಣಮೃಗ), ಚಿಂಕಾರ, ತೋಳ, ನವಿಲು ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಅವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಹೋಗಿದ್ದ ಬೈಕು, ಜೀಪು ಕೂಡ ಜಪ್ತಿಯಾಗುತ್ತವೆ. ಹುಡುಗರು ಮೊಬೈಲಿನಲ್ಲಿ ತೆಗೆದು ಹಂಚುವ ವಿಡಿಯೋನೇ ಸಾಕ್ಷಿಯಾಗುತ್ತದೆ.

ಇಲ್ಲಿ ಬಹಳ ಜನ ಇನ್ನೊಂದು ಕಡೆ ಎಡವುತ್ತಾರೆ. ಕಾಡುಮೊಲ ಬೇಡ ಅಂತ ಸಂತೆಯಿಂದ ಸಾಕುಮೊಲ ತಂದು ನಾಯಿಯ ಮುಂದೆ ಬಿಡುತ್ತಾರೆ. ಮೋಜಿಗಾಗಿ ಒಂದು ಪ್ರಾಣಿಯನ್ನು ಇನ್ನೊಂದಕ್ಕೆ ಗುರಿಯಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾನೂನು ಪಕ್ಕಕ್ಕಿಟ್ಟು ನೋಡಿ. ಗೂಡಿನಲ್ಲಿ ಬೆಳೆದ ಸಾಕುಮೊಲಕ್ಕೆ ಓಡಲೂ ಬರುವುದಿಲ್ಲ. ಅದು ಬಯಲಿನ ನಡುವೆ ಕಿವಿ ಮಡಚಿಕೊಂಡು ಕೂತುಬಿಡುತ್ತದೆ. ನಾಯಿ ಅಲ್ಲಿ ಓಟ ಕಲಿಯುವುದಿಲ್ಲ, ನಿಮ್ಮ ಮಗ ಮಾತ್ರ ಬೇರೇನೋ ಕಲಿಯುತ್ತಾನೆ.

ಹಂತ 2: ಜಾಗ ಆರಿಸಿ, ನಡೆದು ನೋಡಿ

ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲೇ ಇದೆ. ವಿಸ್ತೀರ್ಣ 96 ಚದರ ಕಿಲೋಮೀಟರ್. ಅದರ ಆಸುಪಾಸಿನಲ್ಲಿ ನಾಯಿಯ ಹಗ್ಗ ಬಿಚ್ಚಲೇಬೇಡಿ. ಬೇರೆ ಊರುಗಳಲ್ಲೂ ಗುಡ್ಡದ ಅಂಚು, ಗಾಯರಾಣ (ಊರ ದನ ಮೇಯುವ ಜಾಗ), ಕುರುಚಲು ಬೆಳೆದ ಪಡ (ಬಿತ್ತದೆ ಬಿಟ್ಟ ಭೂಮಿ) ಬಿಟ್ಟುಬಿಡಿ. ಮೊಲ, ಗೌಜಿಗ, ಬುರ್ಲಿಯಂಥ ನೆಲದ ಹಕ್ಕಿಗಳು ಇರುವುದು ಅಲ್ಲೇ.

ಸುಗ್ಗಿ ಮುಗಿದ ನಿಮ್ಮದೇ ಹೊಲ ಒಳ್ಳೆಯದು. ಎಂಥ ಹೊಲ ಅಂತಲೂ ನೋಡಬೇಕು. ತೊಗರಿ ಕೊಯ್ದ ಹೊಲ ಬೇಡವೇ ಬೇಡ. ತೊಗರಿ ಕೂಳೆ ಓರೆಯಾಗಿ ಕತ್ತರಿಸಿದ ಮೊಳೆಯಂತೆ ನಿಂತಿರುತ್ತದೆ. ಓಡುವ ನಾಯಿಯ ಎದೆಗೇ ಚುಚ್ಚುತ್ತದೆ. ಬಿರುಕು ಬಿಟ್ಟ ಎರೆ (ಕಪ್ಪು ಮಣ್ಣಿನ) ಹೊಲವೂ ಬೇಡ. ಪಂಜ ಬಿರುಕಿಗೆ ಸಿಕ್ಕಿದರೆ ಕಾಲು ಮುರಿಯುತ್ತದೆ. ಕುಂಟೆ ಹೊಡೆದ ಮಸಾರಿ (ಕೆಂಪು ಮಣ್ಣಿನ) ಹೊಲ, ಇಲ್ಲವೇ ಕೇಳಿ ಒಪ್ಪಿಗೆ ಪಡೆದ ಆಟದ ಬಯಲು ಸರಿಯಾಗುತ್ತದೆ.

ಪ್ರತಿಸಲ ನಾಯಿ ಬಿಡುವ ಮೊದಲು ಓಟದ ದಾರಿಯನ್ನು ಪೂರ್ತಿ ನಡೆಯಿರಿ. ಕಲ್ಲು, ಜಾಲಿಮುಳ್ಳು, ಡ್ರಿಪ್ ಪೈಪು, ಝಟ್ಕಾ (ಕರೆಂಟು ಹರಿಸಿದ) ಬೇಲಿಯ ತಂತಿ, ಕಟ್ಟೆಯಿಲ್ಲದ ಬಾವಿ ನೋಡಿಕೊಳ್ಳಿ. ಹಕ್ಕಿಯ ಮೊಟ್ಟೆ, ಮೊಲದ ಮರಿ ಇದೆಯಾ ಅಂತಲೂ ನೋಡಿ. ಟಿಟ್ಟಿಭ ಬರೀ ನೆಲದ ಮೇಲೆ, ಬೆಣಚುಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಅದು ನಿಮ್ಮ ತಲೆಯ ಮೇಲೆ ಕೂಗುತ್ತ ಸುತ್ತುತ್ತಿದ್ದರೆ ಮೊಟ್ಟೆ ಹತ್ತಿರದಲ್ಲೇ ಇದೆ ಅಂತ ಅರ್ಥ. ಆ ದಿನ ಬೇರೆ ಹೊಲಕ್ಕೆ ಹೋಗಿ.

ಹಂತ 3: ಕರೆದರೆ ಬರಬೇಕು

ಎಲ್ಲಕ್ಕಿಂತ ಕಷ್ಟದ್ದು, ಜನ ಜಾಸ್ತಿ ಹಾರಿಸಿಬಿಡುವುದು ಇದೇ ಹಂತ. ಮುಧೋಳ ನಾಯಿ ವಾಸನೆಗಿಂತ ಕಣ್ಣನ್ನು ನಂಬುವ ನಾಯಿ. ದೂರದಲ್ಲಿ ಏನೋ ಅಲುಗಿದರೆ ಸಾಕು, ಕಿವಿ ಕೆಲಸ ನಿಲ್ಲಿಸಿಬಿಡುತ್ತದೆ. ಆಗ ಹೆಸರು ಹಿಡಿದು ಕಿರುಚಿ ಉಪಯೋಗ ಇಲ್ಲ. ಅದಕ್ಕೇ ಸೀಟಿ.

ಮೊದಲ ವಾರ ಮನೆಯಂಗಳದಲ್ಲೇ ಇರಿ. ಒಂದು ಸೀಟಿ ಊದಿ, ತಕ್ಷಣ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ದಿನಕ್ಕೆ 10 ಸಲ, ಎರಡು ಹೊತ್ತು. ಸೀಟಿ ಅಂದರೆ ಮೊಟ್ಟೆ ಎಂಬುದು ಅದರ ತಲೆಗೆ ಹೋಗಲಿ. ಎರಡನೇ ವಾರ 10 ಮೀಟರ್ ಹಗ್ಗ ಕಟ್ಟಿ ಹೊಲಕ್ಕೆ ಕರೆದೊಯ್ಯಿರಿ. ಅದು ಬೇರೇನೋ ನೋಡುತ್ತಿರುವಾಗ ಊದಿ. ತಿರುಗಿ ಬಂದರೆ ಮೊಟ್ಟೆ. ಬರದಿದ್ದರೆ ಬಯ್ಯಬೇಡಿ, ಜಗ್ಗಬೇಡಿ. ಹಗ್ಗ ನಿಧಾನಕ್ಕೆ ಮಡಚುತ್ತ ಹತ್ತಿರ ತನ್ನಿ, ಆಮೇಲೆ ಕೊಡಿ. ಮೂರನೇ ವಾರ ಕೋಳಿ, ಆಡು ಕಾಣುವ ಜಾಗದಲ್ಲಿ, ಹಗ್ಗದಲ್ಲೇ.

ದೊಡ್ಡ ತಪ್ಪೊಂದಿದೆ. ತಪ್ಪಿಸಿಕೊಂಡು ಓಡಿದ ನಾಯಿ ಅರ್ಧ ಗಂಟೆಯ ಮೇಲೆ ತಾನಾಗಿ ಬಂದಾಗ ಹೊಡೆಯುವುದು. ಓಡಿದ್ದಕ್ಕೆ ಹೊಡೆದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಂದಿದ್ದಕ್ಕೆ ಹೊಡೆದರು ಅಂತ ತಿಳಿಯುತ್ತದೆ. ಮುಂದಿನ ಸಲ ಬರುವುದಿಲ್ಲ.

ಹಗ್ಗದಲ್ಲಿ 10ಕ್ಕೆ 9 ಸಲ ತಿರುಗಿ ಬರುವವರೆಗೆ ಮುಂದಿನ ಹಂತ ಬೇಡ. ಕೆಲವು ನಾಯಿಗೆ ಒಂದು ತಿಂಗಳು, ಕೆಲವಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಜೊತೆಜೊತೆಗೆ "ಬಿಡು" ಎಂಬ ಮಾತನ್ನೂ ಕಲಿಸಿ. ಬಾಯಲ್ಲಿ ಬಟ್ಟೆ ಇರುವಾಗ ಮೂಗಿನ ಹತ್ತಿರ ಮೊಟ್ಟೆ ಹಿಡಿದು "ಬಿಡು" ಎನ್ನಿ. ಬಟ್ಟೆ ಬಿಟ್ಟ ಕೂಡಲೇ ಮೊಟ್ಟೆ, ಆಮೇಲೆ ಬಟ್ಟೆಯನ್ನೂ ವಾಪಸ್ ಕೊಡಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಎಂಬ ಧೈರ್ಯ ಅದಕ್ಕೆ ಬರಬೇಕು.

ಹಂತ 4: ಹುಸಿಮೊಲ ಕಟ್ಟುವುದು

ಹೊರದೇಶಗಳಲ್ಲಿ ಇದನ್ನು ಲೂರ್ ಕೋರ್ಸಿಂಗ್ ಅನ್ನುತ್ತಾರೆ. ಲೂರ್ ಅಂದರೆ ಜೀವವಿಲ್ಲದ ಆಮಿಷ, ಅದನ್ನು ಹುರಿಯಿಂದ ಎಳೆದು ನಾಯಿಯನ್ನು ಓಡಿಸುವ ಆಟ. ನಮ್ಮ ಮನೆಯ ಹುಡುಗರು ಹುಸಿಮೊಲ ಅಂತ ಕರೆಯುತ್ತಾರೆ.

ಕಂಬಳಿ ತುಂಡನ್ನು ಒಂದು ಮೊಳ ಉದ್ದ ಸುರುಳಿ ಸುತ್ತಿ ಗಟ್ಟಿಯಾಗಿ ಹೊಲಿಯಿರಿ. ಒಂದು ತುದಿಗೆ ಬಿಳಿ ಬಟ್ಟೆಯ ಎರಡು ಪಟ್ಟಿ ಕಟ್ಟಿ. ಎಳೆದಾಗ ಅವು ಪಟಪಟ ಹಾರುತ್ತವೆ. ಕುರಿ ಉಣ್ಣೆ ಸಿಕ್ಕರೆ ಒಂದಿಷ್ಟು ಸಿಕ್ಕಿಸಿ. ತಂತಿ, ಗುಂಡಿ, ಪಿನ್ನು ಯಾವುದೂ ಬೇಡ. ಮೊಲದ ಚರ್ಮ ಸಿಕ್ಕಿತು ಅಂತ ಅದನ್ನು ಕಟ್ಟಬೇಡಿ. ಕಾಡುಪ್ರಾಣಿಯ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ನಾಯಿಗೂ ಆ ವಾಸನೆಯ ರುಚಿ ಹತ್ತಿಸಿದಂತಾಗುತ್ತದೆ.

ಈಗ ಸೈಕಲ್. ಹಿಂದಿನ ಗಾಲಿಯ ಟೈರು, ಟ್ಯೂಬು, ಮಡ್‌ಗಾರ್ಡ್, ಕ್ಯಾರಿಯರ್ ತೆಗೆದುಬಿಡಿ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಬರೀ ರಿಮ್ಮು ಗಾಳಿಯಲ್ಲಿ ತಿರುಗುತ್ತದೆ. ಆ ತಗ್ಗಿನಲ್ಲೇ ಹುರಿ ಸುತ್ತಿಕೊಳ್ಳುತ್ತದೆ. ಸೈಕಲ್ಲಿನ ಹಿಂಭಾಗ ನಾಯಿ ಬರುವ ದಿಕ್ಕಿಗಿರಲಿ, ಹುರಿ ಗಾಲಿಯ ಮೇಲಿನಿಂದ ಬರಲಿ. ಒಬ್ಬರು ಕೈಯಿಂದ ಪೆಡಲ್ ತಿರುಗಿಸಬೇಕು. ಇನ್ನೊಬ್ಬರು ಹ್ಯಾಂಡಲ್ ಹಿಡಿದು ಬ್ರೇಕಿನ ಮೇಲೆ ಕೈ ಇಟ್ಟಿರಬೇಕು. ನಮ್ಮ ದೊಡ್ಡ ಸೈಕಲ್ಲುಗಳಲ್ಲಿ ಪೆಡಲ್ ಒಂದು ಸುತ್ತು ಬಂದರೆ ಹುರಿ ಹತ್ತಿರ ಹತ್ತಿರ 5 ಮೀಟರ್ ಬರುತ್ತದೆ. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಗಂಟೆಗೆ 36 ಕಿಲೋಮೀಟರ್ ವೇಗ. ಶುರುವಿಗೆ ಅದರ ಅರ್ಧವೂ ಬೇಡ.

ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತದಾ ಅಂತ ಮೊದಲೇ ನೋಡಿ. ಪೆಡಲ್ ನಿಲ್ಲಿಸಿದರೂ ಗಾಲಿ ತಿರುಗುತ್ತಲೇ ಇರುತ್ತದೆ, ಹುಸಿಮೊಲ ನೇರ ಸೈಕಲ್ಲಿಗೆ ಬಂದು ಬಡಿಯುತ್ತದೆ, ಅದರ ಹಿಂದೆ ನಾಯಿ. ಅದಕ್ಕೆ ಹುಸಿಮೊಲದಿಂದ 20 ಮೀಟರ್ ಮುಂದೆ ಹುರಿಗೆ ಒಂದು ಕೆಂಪು ಚಿಂದಿ ಕಟ್ಟಿ. ಚಿಂದಿ ಗಾಲಿ ಮುಟ್ಟಿದ ತಕ್ಷಣ ಬ್ರೇಕ್. ಸಣ್ಣ ಮಕ್ಕಳ ಬೆರಳು ಗಾಲಿಯ ಕಡ್ಡಿಗಳ ಹತ್ತಿರ ಬರಕೂಡದು.

ಹಂತ 5: ಮೊದಲ ಓಟ

ನಾಯಿಗೆ ಕನಿಷ್ಠ 15 ತಿಂಗಳು ತುಂಬಿರಲಿ. ಅದಕ್ಕಿಂತ ಮೊದಲು ಎಲುಬು ಬಲಿತಿರುವುದಿಲ್ಲ. ಮರಿಯ ಜೊತೆ ಅಂಗಳದಲ್ಲಿ ಕೋಲಿಗೆ ಬಟ್ಟೆ ಕಟ್ಟಿ ಆಡಿಸಿ, ಅಷ್ಟು ಸಾಕು.

ಹೊತ್ತು ಬೆಳಗಿನ 6ರಿಂದ 7:30. ಬಾಗಲಕೋಟೆ, ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಾರ್ಚ್ ನಡುವಿನಿಂದ ಮಳೆ ಬೀಳುವವರೆಗೆ ಓಟ ನಿಲ್ಲಿಸಿ, ಬರೀ ನಡಿಗೆ ಸಾಕು. ಓಟದ ಹಿಂದಿನ 3 ಗಂಟೆ ಊಟ ಬೇಡ, ಓಟವಾದ ಮೇಲೂ ಒಂದೆರಡು ಗಂಟೆ ಬೇಡ. ಎದೆ ಆಳವಾಗಿರುವ ನಾಯಿಗಳಿಗೆ ತುಂಬಿದ ಹೊಟ್ಟೆಯಲ್ಲಿ ಓಡಿದರೆ ಜಠರ ತಿರುಚಿಕೊಳ್ಳುವ ಅಪಾಯ ಇದೆ. ಹೊಟ್ಟೆ ಉಬ್ಬಿ, ವಾಂತಿಗೆ ಎಳೆದರೂ ಏನೂ ಬರದಿದ್ದರೆ ತಡಮಾಡದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಹಾಗಂತ ಹಿಂದಿನ ದಿನ ಪೂರ್ತಿ ಉಪವಾಸ ಕೆಡವಬೇಡಿ. ಹಸಿದರೆ ಚುರುಕಾಗುತ್ತದೆ ಎಂಬ ಮಾತು ಊರಲ್ಲಿದೆ, ಅದು ಸುಳ್ಳು. ಹಸಿದ ನಾಯಿ ಬೇಗ ದಣಿಯುತ್ತದೆ, ಅಷ್ಟೇ.

10 ನಿಮಿಷ ನಡೆಸಿ ಮೈ ಬಿಸಿ ಮಾಡಿ. ಹುಸಿಮೊಲವನ್ನು ಮೂಗಿನ ಮುಂದೆ ಅಲುಗಿಸಿ, 5 ಮೀಟರ್ ಮುಂದೆ ಇಡಿ. ಹುರಿ ಎಳೆಯಲು ಶುರುವಾದ ಮೇಲೆ ನಾಯಿ ಬಿಡಿ. ದಾರಿ ನೇರವಾಗಿರಲಿ, ಮೊದಲ ದಿನ 50 ಮೀಟರ್ ಸಾಕು. ಕೊನೆಗೆ ಅದು ಹಿಡಿಯುವಂತೆ ಬಿಡಿ, ಪ್ರತಿಸಲ. ಹಿಡಿಯಲಾಗದ್ದನ್ನು ಓಡಿಸುತ್ತಲೇ ಇದ್ದರೆ ನಾಯಿ ಬೇಸತ್ತು ನಿಜವಾದ ಮೊಲ ಹುಡುಕುತ್ತದೆ. ಹಿಡಿದು ಕೊಡವಲಿ, ಹತ್ತು ಎಣಿಸಿ, "ಬಿಡು" ಎನ್ನಿ, ಮೊಟ್ಟೆ ಕೊಡಿ. ದಿನಕ್ಕೆ ಎರಡು ಓಟ, ಪಳಗಿದ ಮೇಲೆ ಮೂರು. ವಾರಕ್ಕೆ ಎರಡು ದಿನ.

ಒಂದು ಸಲಕ್ಕೆ ಒಂದೇ ನಾಯಿ. ಎರಡು ಬಿಟ್ಟರೆ ತುದಿಯಲ್ಲಿ ಜಗಳ ಖಂಡಿತ. ನಾಯಿ ಅಡ್ಡ ಬಂದು ಹುರಿ ದಾಟುವಂತೆ ಕಂಡರೆ ಎಳೆಯುವುದನ್ನು ನಿಲ್ಲಿಸಿ. ಓಡುವ ಹುರಿ ಕಾಲನ್ನು ಕೊಯ್ಯುತ್ತದೆ. ಬರಿಗೈಯಲ್ಲಿ ಹುರಿ ಹಿಡಿದರೆ ನಿಮ್ಮ ಅಂಗೈಯದೂ ಅದೇ ಗತಿ.

ಓಟ ಮುಗಿದ ಮೇಲೆ ನಿಲ್ಲಿಸಬೇಡಿ, ನಡೆಸಿ. ಹೊಟ್ಟೆ, ತೊಡೆಸಂದು, ಪಂಜಕ್ಕೆ ನೀರು ಹಾಕಿ. ಕುಡಿಯಲು ಸ್ವಲ್ಪ ಸ್ವಲ್ಪ. ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ, ಜೊಲ್ಲು ಅಂಟಂಟಾಗಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ ಬಿಸಿಲಾಘಾತ. ನೆರಳಿಗೆ ಒಯ್ದು ಮೈಪೂರ್ತಿ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ. ಮನೆಗೆ ಬಂದ ಮೇಲೆ ನಾಲ್ಕೂ ಪಂಜದ ಬೆರಳ ಸಂದಿ ಬಿಡಿಸಿ ಮುಳ್ಳು ನೋಡಿ.

ಹಂತ 6: ನಿಜವಾದ ಮೊಲ ಎದುರಾದಾಗ

ಆಗೇ ಆಗುತ್ತದೆ. ಬದುವಿನ ಹುಲ್ಲಿನಿಂದ ಮೊಲ ಚಂಗನೆ ಏಳುತ್ತದೆ. ಅದಕ್ಕೇ ಹೊಲದ ದಾರಿಯಲ್ಲಿ ನಾಯಿ ಯಾವಾಗಲೂ ಹಗ್ಗದಲ್ಲಿರಬೇಕು. ನೋಡಲಿ, ಕಿವಿ ನಿಮಿರಲಿ, ಮೈ ನಡುಗಲಿ. ಅದು ಅದರ ಹುಟ್ಟುಗುಣ, ಅದಕ್ಕೆ ಬಯ್ಯಬೇಡಿ. ಎರಡು ಎಣಿಸಿ ಸೀಟಿ ಊದಿ. ನಿಮ್ಮ ಕಡೆ ತಿರುಗಿದರೆ ಜೇಬಿನಲ್ಲಿದ್ದದ್ದೆಲ್ಲ ಕೊಟ್ಟುಬಿಡಿ. ಅದರ ಜೀವನದಲ್ಲೇ ಕಷ್ಟದ ಕೆಲಸ ಅದು ಮಾಡಿದೆ.

ಹಗ್ಗ ತಪ್ಪಿ, ನಾಯಿ ಹಿಡಿದೇಬಿಟ್ಟರೆ? "ಬಿಡು" ಎಂದು ಬಿಡಿಸಿ, ನಾಯಿಯನ್ನು ಕಟ್ಟಿ. ಮೊಲಕ್ಕೆ ಜೀವವಿದ್ದರೆ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸತ್ತಿದ್ದರೂ ತಿಳಿಸಿ. "ತಾನಾಗೇ ಸಿಕ್ತು" ಅಂತ ಮನೆಗೆ ಒಯ್ಯುವಂತಿಲ್ಲ. ಒಮ್ಮೆ ಹಾಗೆ ಒಯ್ದರೆ ಮುಂದಿನ ಸಲ ಹಗ್ಗ ತಾನಾಗೇ ಸಡಿಲವಾಗುತ್ತದೆ.

ಹಂತ 7: ಹುಡುಗರಿಗೆ ಕಲಿಸುವುದು

ಬರೀ "ಬೇಡ" ಅಂದರೆ ಹದಿನಾರರ ಹುಡುಗ ಕೇಳುವುದಿಲ್ಲ. ಬೇಟೆಗಾರನ ವಿದ್ಯೆ ಕೊಡಿ, ಕೊಲ್ಲುವುದೊಂದನ್ನು ಬಿಟ್ಟು. ಮಳೆ ಬಂದ ಮರುದಿನ ಹೊಲದ ದಾರಿಗೆ ಕರೆದೊಯ್ದು ಮೊಲದ ಹೆಜ್ಜೆ ತೋರಿಸಿ. ಎರಡು ಸಣ್ಣ ಗುರುತು ಒಂದರ ಹಿಂದೆ ಒಂದು, ಅವುಗಳ ಮುಂದೆ ಅಕ್ಕಪಕ್ಕ ಎರಡು ಉದ್ದನೆಯ ಗುರುತು. ಮುಂದಿನವು ಹಿಂಗಾಲಿನವು. ನೆಗೆಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಬೀಳುತ್ತದೆ. ಇದನ್ನು ಓದಲು ಬಂದ ಹುಡುಗ ಮೊಲ ಯಾವ ಕಡೆ ಹೋಯಿತು, ಎಲ್ಲಿ ಬೆದರಿತು ಎಂದು ಹೇಳಬಲ್ಲ.

ಸೀಟಿ ಅವನ ಕೈಗೇ ಕೊಡಿ. ಓಟ ನಿಲ್ಲಿಸುವ ಅಧಿಕಾರ ಅವನದು. ದೊಡ್ಡವರು "ಇನ್ನೊಂದು ಸಲ" ಅಂದರೂ ನಾಯಿ ದಣಿದಿದೆ ಅಂತ ಅವನಿಗೆ ಅನ್ನಿಸಿದರೆ ಅಲ್ಲಿಗೇ ಮುಗಿಯಬೇಕು.

ಯುಗಾದಿ, ಹೋಳಿ ಹೊತ್ತಿಗೆ ಬೇಟೆಗೆ ಹೋಗುವ ರೂಢಿ ಇನ್ನೂ ಇರುವ ಊರಿನವರಾದರೆ, ಹಿರಿಯರ ಎದುರು ಭಾಷಣ ಬೇಡ. "ಕಾಕಾ, ಈ ಸಲ ನಮ್ಮ ಹೊಲದಾಗ ಓಟ ಇಟ್ಟೀವಿ, ನೀವೇ ಬಂದು ನಾಯಿ ನೋಡ್ರಿ" ಎಂದು ಕರೆಯಿರಿ. ನಾಯಿಯ ಓಟ ಚೆನ್ನಾಗಿ ಬಲ್ಲವರು ಅವರೇ. ಯಾವ ನಾಯಿ ಬಲಗಾಲು ಎಳೆಯುತ್ತಿದೆ ಎಂದು ಅವರ ಕಣ್ಣಿಗೆ ಬೀಳುವಷ್ಟು ಬೇಗ ನಮಗೆ ಬೀಳುವುದಿಲ್ಲ. ಪಂದ್ಯ ಕಟ್ಟುವುದು ಮಾತ್ರ ಬೇಡ. ಹಣ ಬಂದ ಕೂಡಲೇ ನಾಯಿಯ ದಣಿವು ಯಾರಿಗೂ ಕಾಣುವುದಿಲ್ಲ.

ಜಾತಿಗುಣದ ಪ್ರಶ್ನೆ ಉಳಿಯಿತಲ್ಲ. ಗುಣ ಹೋಗುವುದಿಲ್ಲ. ಅದು ರಕ್ತದಲ್ಲಿರುವುದು. ತಳಿ ಕೆಡುವುದು ಸಿಕ್ಕಸಿಕ್ಕ ನಾಯಿಗೆ ಕೂಡಿಸಿ ಮರಿ ಮಾರುವುದರಿಂದ. ಮರಿ ಬೇಕಾದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಕೊನೆಗೆ, ಸುಗ್ಗಿಯಲ್ಲಿ ಹೆಚ್ಚಾಗಿ ಬರುವ ಪ್ರಶ್ನೆ: "ಹೊಲ ಕೊಯ್ಯುವಾಗ ಮೊಲದ ಮರಿ ಸಿಕ್ಕಿದೆ, ತಾಯಿ ಇಲ್ಲ, ಏನು ಮಾಡಲಿ?" ತಾಯಿ ಇದೆ. ಮೊಲದ ಮರಿ ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿ ಹಗಲೆಲ್ಲ ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ಮನೆಗೆ ತರಬೇಡಿ. ಸಿಕ್ಕ ಜಾಗದ ಹತ್ತಿರದ ಬದುವಿನಲ್ಲಿ, ಹುಲ್ಲಿನ ನೆರಳಿನಲ್ಲಿ ಇಡಿ. ಆ ಸಂಜೆ ನಾಯಿಯನ್ನು ಆ ಕಡೆ ಕರೆದೊಯ್ಯಬೇಡಿ.